ಒಮೆಪ್ರಜೋಲ್: ಯಾವ ಹೊತ್ತಿಗೆ, ಎಷ್ಟು ದಿನ

ಸಿಂಧನೂರಿನ ಹಿರಿಯರೇ, ತಾಯಂದಿರೇ, ಗೆಳೆಯರೇ,

ನಮ್ಮ ರಾಯಚೂರು ಜಿಲ್ಲೆಯ ಔಷಧ ಅಂಗಡಿಗಳಲ್ಲಿ "ಗ್ಯಾಸಿನ ಗುಳಿಗೆ ಕೊಡ್ರಿ" ಎಂದು ಕೇಳಿದವರ ಕೈಗೆ ಬರುವುದು ಹೆಚ್ಚಾಗಿ ಒಮೆಪ್ರಜೋಲ್ ಅಥವಾ ಅದೇ ಗುಂಪಿನ ಪ್ಯಾಂಟೊಪ್ರಜೋಲ್. ಇವು ಹೊಟ್ಟೆಯಲ್ಲಿ ತುಂಬಿದ ವಾಯುವನ್ನು ಕಳೆಯುವ ಔಷಧಗಳಲ್ಲ, ಜಠರದಲ್ಲಿ ಆಮ್ಲ ಸುರಿಯುವುದನ್ನೇ ತಗ್ಗಿಸುವ ಔಷಧಗಳು. ಎದೆಯುರಿ, ಹುಳಿತೇಗು, ಜಠರದ ಹುಣ್ಣು ಇವುಗಳಿಗೆ ಇದು ನಿಜಕ್ಕೂ ಒಳ್ಳೆಯ ಮದ್ದು.

ಜಠರದ ಒಳಪದರದ ಕೆಲವು ಜೀವಕೋಶಗಳಲ್ಲಿ ಆಮ್ಲವನ್ನು ಹೊರದೂಡುವ ಪ್ರೋಟಾನ್ ಪಂಪುಗಳಿದ್ದು, ಊಟದ ಹೊತ್ತಿಗೆ ಅವು ಚುರುಕಾಗುತ್ತವೆ. ಒಮೆಪ್ರಜೋಲ್ ಕರುಳಿನಿಂದ ರಕ್ತಕ್ಕೆ ಸೇರಿ, ಆ ಜೀವಕೋಶಗಳನ್ನು ತಲುಪಿ, ಕೆಲಸದಲ್ಲಿ ತೊಡಗಿರುವ ಪಂಪುಗಳಿಗೆ ಅಂಟಿಕೊಂಡು ಅವನ್ನು ನಿಲ್ಲಿಸಿಬಿಡುತ್ತದೆ. ರಕ್ತದಲ್ಲಿ ಔಷಧದ ಪ್ರಮಾಣ ಸುಮಾರು ಒಂದು ಗಂಟೆಯೊಳಗೆ ಅರ್ಧಕ್ಕಿಳಿದರೂ, ದೇಹ ಹೊಸ ಪಂಪುಗಳನ್ನು ಕಟ್ಟಿಕೊಳ್ಳುವವರೆಗೆ ಅದರ ಪರಿಣಾಮ ಉಳಿಯುವುದರಿಂದ ಬಹುತೇಕರಿಗೆ ದಿನಕ್ಕೆ ಒಂದೇ ಗುಳಿಗೆ ಸಾಕಾಗುತ್ತದೆ. ಬೆಳಗಿನ ಉಪಾಹಾರಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ನುಂಗಬೇಕೆಂದು ವೈದ್ಯರು ಹೇಳುವುದು, ಪಂಪುಗಳು ಚುರುಕಾಗುವ ಹೊತ್ತಿಗೆ ಔಷಧ ರಕ್ತದಲ್ಲಿರಲೆಂದೇ. ಸಂಜೆ ಒಗ್ಗರಣೆ, ಮಿರ್ಚಿ ತಿಂದು ಎದೆ ಉರಿಯತೊಡಗಿದ ಮೇಲೆ ನುಂಗಿದರೆ ತಕ್ಷಣದ ಉಪಶಮನ ಸಿಗದು. ಪೂರ್ಣ ಪರಿಣಾಮಕ್ಕೆ ಮೂರ್ನಾಲ್ಕು ದಿನ ಬೇಕು. ಕ್ಯಾಪ್ಸೂಲಿನೊಳಗಿನ ಸಣ್ಣ ಕಾಳುಗಳನ್ನು ಅರೆದು ಕುಡಿಸಲೂಬಾರದು, ಏಕೆಂದರೆ ಮೇಲಿನ ಲೇಪನ ಹೋದರೆ ಜಠರದ ಆಮ್ಲವೇ ಔಷಧವನ್ನು ಕೆಡಿಸುತ್ತದೆ.

ಬೆಲೆಯ ವಿಚಾರವನ್ನೂ ಹೇಳಬೇಕು. ಸ್ವೀಡನ್ನಿನ ಆಸ್ಟ್ರಾ ಕಂಪನಿ 1988ರಲ್ಲಿ ಮಾರುಕಟ್ಟೆಗೆ ತಂದ ಈ ಔಷಧದ ಪೇಟೆಂಟ್ ಮುಗಿದು ಬಹಳ ಕಾಲವಾಗಿದೆ. ಗುಳಿಗೆಯ ಪಟ್ಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಯಾವ ಹೆಸರೇ ಇರಲಿ, ಅದರ ಕೆಳಗೆ "ಒಮೆಪ್ರಜೋಲ್ 20 ಮಿಲಿಗ್ರಾಂ" ಎಂದಿದ್ದರೆ ಒಳಗಿರುವ ಔಷಧ ಅದೇ. ಜನೌಷಧಿ ಕೇಂದ್ರದ ಅಗ್ಗದ ಪಟ್ಟಿಯನ್ನು ಕಡಿಮೆ ದರ್ಜೆಯದೆಂದು ಅನುಮಾನಿಸಿ, ಕೂಲಿಯ ಹಣವನ್ನು ಹೆಸರಿಗಾಗಿ ತೆರಬೇಕಾಗಿಲ್ಲ.

ನನಗೆ ಹೆಚ್ಚು ಕಳವಳ ತರುವುದು ನೋವಿನ ಗುಳಿಗೆಗಳ ಸಂಗತಿ. ಭತ್ತದ ನಾಟಿಯಲ್ಲಿ ದಿನವಿಡೀ ಬಗ್ಗಿ ದುಡಿದ ಹೆಣ್ಣುಮಕ್ಕಳು ಸೊಂಟನೋವಿಗೆ ಡೈಕ್ಲೊಫೆನಾಕ್ ನುಂಗಿ, ಹೊಟ್ಟೆ ಉರಿದಾಗ ಅದರೊಂದಿಗೆ ಒಮೆಪ್ರಜೋಲನ್ನೂ ಸೇರಿಸಿ, ಎರಡನ್ನೂ ತಿಂಗಳುಗಟ್ಟಲೆ ಮುಂದುವರಿಸುತ್ತಾರೆ. ನೋವಿನ ಗುಳಿಗೆ ಜಠರದ ರಕ್ಷಣಾ ಪದರವನ್ನು ದುರ್ಬಲಗೊಳಿಸುತ್ತದೆ. ಒಮೆಪ್ರಜೋಲ್ ಅಲ್ಲಿ ಹುಣ್ಣಾಗದಂತೆ ಬಹುಮಟ್ಟಿಗೆ ಕಾಯುತ್ತದೆ, ಆದರೆ ಅದೇ ನೋವಿನ ಗುಳಿಗೆಯಿಂದ ಮೂತ್ರಪಿಂಡಕ್ಕೆ ಆಗಬಹುದಾದ ಹಾನಿಯಿಂದ ಕಾಯುವುದಿಲ್ಲ. ಹುಣ್ಣಿಗೆ ಇನ್ನೊಂದು ಮುಖ್ಯ ಕಾರಣ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ. ಇದನ್ನು ತೋರಿಸಿಕೊಟ್ಟ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆ ಸೋಂಕಿದ್ದರೆ ಆಂಟಿಬಯೋಟಿಕ್ ಬೇಕೇ ಬೇಕು. ಆಮ್ಲ ತಗ್ಗಿಸಿದ ಮಾತ್ರಕ್ಕೆ ಅದು ಹೋಗದು.

ಎದೆಯುರಿಗೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರಗಳ ಚಿಕಿತ್ಸೆ ಸಾಕು. ವರ್ಷಗಟ್ಟಲೆ ನುಂಗಿದವರಲ್ಲಿ ವಿಟಮಿನ್ ಬಿ12 ಮತ್ತು ಮೆಗ್ನೀಸಿಯಂ ಕಡಿಮೆಯಾಗಬಹುದು. ಮೂಳೆ ಮುರಿತದೊಂದಿಗೂ ಸಂಬಂಧ ಕಂಡಿದೆ, ಆದರೆ ಔಷಧವೇ ಕಾರಣವೆಂದು ಖಚಿತವಾಗಿಲ್ಲ. ಹೃದಯಕ್ಕಾಗಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರು ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು, ಏಕೆಂದರೆ ಒಮೆಪ್ರಜೋಲ್ ಅದರ ಪ್ರಭಾವವನ್ನು ಕುಗ್ಗಿಸುತ್ತದೆ. ಮಲ ಕಪ್ಪಗಾದರೆ, ವಾಂತಿಯಲ್ಲಿ ರಕ್ತ ಕಂಡರೆ, ನುಂಗಲು ಕಷ್ಟವಾದರೆ, ಕಾರಣವಿಲ್ಲದೆ ತೂಕ ಇಳಿದರೆ ಗುಳಿಗೆಯನ್ನು ನಂಬಿ ಕಾಯಬೇಡಿ. ಬೆವರಿನೊಡನೆ ಎದೆ ಹಿಂಡಿದಂತಾದರೆ ಅದನ್ನು ಗ್ಯಾಸ್ ಎಂದುಕೊಳ್ಳದೆ ಕೂಡಲೇ ಆಸ್ಪತ್ರೆಗೆ ಹೋಗಿ.

ಬಹುಕಾಲ ನುಂಗಿ ಒಮ್ಮೆಲೇ ಬಿಟ್ಟರೆ ಕೆಲವರಲ್ಲಿ ಆಮ್ಲ ಮೊದಲಿಗಿಂತ ಹೆಚ್ಚಾಗಿ ಸುರಿದು ಉರಿ ಮರಳುತ್ತದೆ. ರೋಗ ಉಲ್ಬಣಿಸಿತೆಂದು ಹೆದರಿ ಮತ್ತೆ ಆರಂಭಿಸುವ ಬದಲು, ವೈದ್ಯರನ್ನು ಕೇಳಿ ಪ್ರಮಾಣವನ್ನು ಹಂತಹಂತವಾಗಿ ಇಳಿಸಬಹುದು. ಆದರೆ ಹಿಂದೆ ಹುಣ್ಣಿನಿಂದ ರಕ್ತಸ್ರಾವವಾದವರು ಮತ್ತು ದಿನವೂ ಆಸ್ಪಿರಿನ್ ನುಂಗುವ ವಯಸ್ಸಾದವರು ನನ್ನ ಈ ಮಾತನ್ನು ಕೇಳಿ ತಾವಾಗಿಯೇ ಔಷಧ ಬಿಡಬಾರದು. ಅವರಿಗೆ ಅದು ದೀರ್ಘಕಾಲ ಬೇಕಾಗಬಹುದು.