ಕಾಫಿ ಪುಡಿಯಲ್ಲಿ ಬೆಟ್ಟ ಬರೆಯೋಣ: ಇಡೀ ತರಗತಿಗೆ ಒಂದೇ ಚಿತ್ರ, ಶಾಲೆಗೆ ಒಂದಿಷ್ಟು ಹಣ

[ದೃಶ್ಯ: ಮೇಜಿನ ಮೇಲೆ ಮೂರು ಗಾಜಿನ ಲೋಟ. ಮೂರರಲ್ಲೂ ಕಾಫಿ, ಒಂದಕ್ಕಿಂತ ಒಂದು ಕಡು. ಪಕ್ಕದಲ್ಲಿ ಬಿಳಿ ಚೌಕ ಕಾಗದ.]

ನಮಸ್ಕಾರ. ಈ ಲೋಟಗಳಲ್ಲಿ ಇರೋದು ಕುಡಿಯೋಕಲ್ಲ. ಸಕ್ಕರೆ ಇಲ್ಲ, ಹಾಲಿಲ್ಲ. ಇವು ನಮ್ಮ ಬಣ್ಣ.

ವಾರ್ಷಿಕೋತ್ಸವ ಹತ್ತಿರ ಬಂತು ಅಂದ್ರೆ ಶಾಲೆಯಲ್ಲಿ ಒಂದು ಮಾತು ಬಂದೇ ಬರುತ್ತೆ: "ಮಕ್ಕಳ ಕೈಯಲ್ಲಿ ಒಂದು ದೊಡ್ಡ ಚಿತ್ರ ಮಾಡಿಸಿ ಹರಾಜು ಹಾಕೋಣ, ಒಂದಿಷ್ಟು ಹಣ ಆಗುತ್ತೆ." ಸರಿ, ದೊಡ್ಡ ಹಾಳೆ ಬರುತ್ತೆ, ಎಲ್ಲರ ಅಂಗೈ ಅಚ್ಚು ಬೀಳುತ್ತೆ, ಕೆಂಪು ಹಸಿರು ನೀಲಿ ಎಲ್ಲ ಸೇರಿ ಕೊನೆಗೆ ಕೆಸರಿನ ಬಣ್ಣ. ಪಾಪ, ಯಾರೋ ಒಬ್ಬರು ಮುಲಾಜಿಗೆ ಬಿದ್ದು ಕೊಂಡ್ಕೊಳ್ತಾರೆ. ಆ ಚಿತ್ರ ಆಮೇಲೆ ಬೀರು ಹಿಂದೆ ಸೇರುತ್ತೆ.

ಕೊಂಡವರು ಮನೆ ಹಜಾರದಲ್ಲಿ ಖುಷಿಯಿಂದ ತೂಗುಹಾಕಬೇಕು, ಅದರಲ್ಲಿ ಪ್ರತಿ ಮಗುವಿನ ಕೈ ಬೇರೆ ಬೇರೆಯಾಗಿ ಕಾಣಬೇಕು. ಎರಡೂ ಒಟ್ಟಿಗೆ ಆಗೋ ಕೆಲಸ ಇದು. ಆದ್ರೆ ಒಂದು ಷರತ್ತು. ಯೋಜನೆ ದೊಡ್ಡವರದು, ಬ್ರಷ್ ಮಕ್ಕಳದು. ಮಗು ಬರೆದ ಮೇಲೆ ಟೀಚರ್ ಆಗಲಿ, ಅಪ್ಪ ಅಮ್ಮ ಆಗಲಿ "ಸ್ವಲ್ಪ ಸರಿ ಮಾಡ್ತೀನಿ" ಅಂತ ಅದರ ಮೇಲೆ ಕೈ ಇಡೋ ಹಾಗಿಲ್ಲ.

[ದೃಶ್ಯ: ಮಂಜು ಕವಿದ ಬೆಟ್ಟ ಸಾಲು. ಹತ್ತಿರದ್ದು ಕಡು, ದೂರದ್ದು ಮಸುಕು.]

ಯಾಕೆ ಕಾಫಿ? ಕೊಡಗಲ್ಲಿ ಇದ್ದುಕೊಂಡು ಈ ಪ್ರಶ್ನೆ ಕೇಳಬಾರದು. ದೇಶದ ಕಾಫಿಯಲ್ಲಿ ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು ಇಲ್ಲಿಂದಲೇ ಹೋಗುತ್ತೆ. ಆದ್ರೆ ಅಸಲಿ ಕಾರಣ ಬೇರೆ. ಮೂವತ್ತು ಮಕ್ಕಳ ಕೈಗೆ ಬಣ್ಣದ ಡಬ್ಬಿ ಕೊಟ್ರೆ ಮೂವತ್ತು ಥರದ ಹಸಿರು ಬರುತ್ತೆ, ಜೋಡಿಸಿದಾಗ ಒಂದಕ್ಕೊಂದು ಸೇರಲ್ಲ. ಕಾಫಿ ಇಡೀ ಚಿತ್ರಕ್ಕೆ ಒಂದೇ ಬಣ್ಣ. ಯಾರು ಹೇಗೆ ಬಳಿದ್ರೂ ಒಂದೇ ಮನೆಯದು ಅನ್ನಿಸುತ್ತೆ. ನಮ್ಮ ಬೆಟ್ಟಗಳು ಬೆಳಗ್ಗೆ ಕಾಣೋದೂ ಹಾಗೇ, ಒಂದರ ಹಿಂದೆ ಒಂದು, ಹಿಂದಕ್ಕೆ ಹೋದಷ್ಟೂ ತೆಳು.

ಯಾವ ಬೆಟ್ಟ ಅನ್ನೋದನ್ನ ಇಂಟರ್‌ನೆಟ್‌ನಲ್ಲಿ ಹುಡುಕಬೇಡಿ. ಶಾಲೆ ಅಂಗಳದಿಂದ ಯಾವುದು ಕಾಣುತ್ತೋ ಅದು. ಕಕ್ಕಬ್ಬೆ ಕಡೆಯವರಿಗೆ ತಡಿಯಂಡಮೋಳ್ ಇದೆ, 1,748 ಮೀಟರ್, ಜಿಲ್ಲೆಗೇ ಎತ್ತರದ್ದು. ಸೋಮವಾರಪೇಟೆ ಕಡೆಯವರಿಗೆ ಪುಷ್ಪಗಿರಿ. ಕುಶಾಲನಗರದ ಸಮತಟ್ಟಿನಲ್ಲಿ ಇರೋರು ಕಾವೇರಿ ದಂಡೆ ತಗೊಳ್ಳಿ, ಬೆಟ್ಟವೇ ಆಗಬೇಕು ಅಂತೇನಿಲ್ಲ.

[ದೃಶ್ಯ: ದೊಡ್ಡ ಹಾಳೆಯನ್ನು ಸ್ಕೇಲ್ ಇಟ್ಟು ಕತ್ತರಿಸುವ ಕೈ.]

ಕಾಗದದ ಲೆಕ್ಕಕ್ಕೆ ಬರೋಣ. ಮಾಮೂಲಿ ಡ್ರಾಯಿಂಗ್ ಶೀಟ್ ಬೇಡ, ಒದ್ದೆ ಆದ ತಕ್ಷಣ ಹಪ್ಪಳದ ಹಾಗೆ ಸೊಟ್ಟಗಾಗುತ್ತೆ. ಜಲವರ್ಣದ 300 ಜಿಎಸ್‌ಎಂ ಹಾಳೆ ಕೇಳಿ. ಜಿಎಸ್‌ಎಂ ಅಂದ್ರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ. ಪೂರ್ತಿ ಹಾಳೆ 22 ಇಂಚು ಅಗಲ, 30 ಇಂಚು ಉದ್ದ ಇರುತ್ತೆ. ಅದರಲ್ಲಿ ಆರು ಇಂಚಿನ ಚೌಕ ಹದಿನೈದು ಸಿಗುತ್ತೆ. ಎರಡು ಹಾಳೆ ತಂದ್ರೆ ಮೂವತ್ತು ಮಕ್ಕಳಿಗೆ ಮೂವತ್ತು ಚೌಕ. ಪ್ರತಿ ಹಾಳೆಯಲ್ಲೂ ನಾಲ್ಕು ಇಂಚಿನ ಒಂದು ಪಟ್ಟಿ ಉಳಿಯುತ್ತೆ. ಎಸೀಬೇಡಿ. ಮಕ್ಕಳು ಬಣ್ಣ ಎಷ್ಟು ಕಡು ಅಂತ ಪರೀಕ್ಷೆ ಮಾಡೋಕೆ ಅದೇ ಹಾಳೆಯ ಚೂರು ಬೇಕು, ನೋಟ್‌ಬುಕ್ ಹಾಳೆಯಲ್ಲಿ ಕಾಫಿ ಬೇರೆ ಥರ ಕಾಣುತ್ತೆ.

ಮೂವತ್ತು ಚೌಕವನ್ನೂ ನೆಲದ ಮೇಲೆ ಮಗುಚಿ ಹಾಕಿ. ಸಾಲಿಗೆ ಆರು, ಅಂಥ ಐದು ಸಾಲು. ಹಿಂಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಬಿಡಿಸುವಾಗ ಕಾಗದ ಕಿತ್ತುಬರದ ಹಾಗೆ ಮೆಲ್ಲಗೆ. ಪ್ರತಿ ಚೌಕದ ಬೆನ್ನಿಗೆ ಎರಡು ಗುರುತು: ಸಂಖ್ಯೆ, ಜೊತೆಗೆ ಮೇಲ್ಗಡೆ ಯಾವುದು ಅಂತ ತೋರಿಸೋ ಬಾಣ. ಸಂಖ್ಯೆಯನ್ನ ಎಲ್ಲರೂ ಬರೀತಾರೆ, ಬಾಣ ಮರೀತಾರೆ. ಬಾಣ ಇಲ್ಲದಿದ್ರೆ ಜೋಡಿಸೋ ದಿನ ಬೆಟ್ಟ ತಲೆಕೆಳಗಾಗಿ ನಿಲ್ಲುತ್ತೆ. ಈಗ ತಿರುಗಿಸಿ, ಇಡೀ ಹಾಳೆ ಮೇಲೆ ಪೆನ್ಸಿಲ್‌ನಲ್ಲಿ ತೆಳುವಾಗಿ ಬೆಟ್ಟದ ಗೆರೆ ಎಳೀರಿ. ಇಷ್ಟು ಮಾತ್ರ ದೊಡ್ಡವರ ಚಿತ್ರಕಲೆ. ಆಮೇಲೆ ಟೇಪ್ ತೆಗೆದು ಚೌಕಗಳನ್ನ ಬೇರೆ ಬೇರೆ ಮಾಡಿ.

[ದೃಶ್ಯ: ಮಕ್ಕಳು ಚೀಟಿ ಎತ್ತುತ್ತಿರುವುದು.]

ಯಾವ ಚೌಕ ಯಾರಿಗೆ ಅಂತ ಚೀಟಿ ಎತ್ತಿಸಿ. ಟೀಚರ್ ಹಂಚಿದ್ರೆ ಚೆನ್ನಾಗಿ ಬರೆಯೋ ಮಗುವಿಗೆ ನಡುವಿನ ಚೌಕ, ಉಳಿದವರಿಗೆ ಮೂಲೆ. ಮಕ್ಕಳಿಗೆ ಇದು ತಕ್ಷಣ ಗೊತ್ತಾಗುತ್ತೆ.

ಇಲ್ಲೊಂದು ತಕರಾರು ಖಂಡಿತ ಬರುತ್ತೆ. "ಮಿಸ್, ನಂಗೆ ಬರೀ ಆಕಾಶ ಬಂದಿದೆ!" ಆ ಮಗು ಹೇಳೋದು ನ್ಯಾಯವೇ. ಖಾಲಿ ಚೌಕ ಸಿಕ್ಕಿದ ಮಗುವಿನ ಅಪ್ಪ ಅಮ್ಮ ಆ ಚಿತ್ರದ ಮುಂದೆ ನಿಂತು ಏನು ನೋಡಬೇಕು? ಅದಕ್ಕೆ ಗೆರೆ ಎಳೆಯುವಾಗಲೇ ಬೆಟ್ಟದ ತುದಿಯನ್ನ ಮೇಲಿನ ಸಾಲಿನೊಳಗೆ ಏರಿಸಿಬಿಡಿ. ಎರಡನೇ ಸಾಲಿಗೆ ಇನ್ನೊಂದು ಬೆಟ್ಟ. ಮೂರಕ್ಕೆ ಮಂಜು, ಹಂಚಿನ ಮಾಡಿನ ಶಾಲೆ. ನಾಲ್ಕಕ್ಕೆ ಗದ್ದೆ, ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ. ಕೊನೇ ಸಾಲಿಗೆ ಕಾಫಿ ಕೊಂಬೆ. ಒಂದೂ ಚೌಕ ಬರಿದಾಗಿ ಉಳಿಯಬಾರದು.

ಬರೆಯುವಾಗ ರೋಲ್ ನಂಬರ್ ಪ್ರಕಾರ ಕೂರಿಸಬೇಡಿ, ಚೌಕದ ಪ್ರಕಾರ ಕೂರಿಸಿ. ಎಂಟನೇ ಚೌಕದವಳ ಪಕ್ಕ ಒಂಬತ್ತರವನು. ಆಗ ನೋಡಿ ಮಾತುಕತೆ. "ನಿನ್ನ ಬೆಟ್ಟ ಎಲ್ಲಿಗೆ ಬಂದು ನಿಂತಿದೆ?" "ನಿಂದು ಎಷ್ಟು ಕಡು?" ಕೊಡವ ತಕ್ಕು, ಅರೆಭಾಷೆ, ಮಲಯಾಳ, ತುಳು, ತಮಿಳು, ಎರವ ಭಾಷೆ ಮಾತಾಡೋ ಮನೆಗಳಿಂದ ಬಂದ ಮಕ್ಕಳು ಒಂದೇ ಬೆಂಚಲ್ಲಿ ಕೂರೋ ಊರು ನಮ್ಮದು. ತೋಟದ ಕೆಲಸಗಾರರ ಲೈನ್ ಮನೆಯ ಮಗುವೂ ತೋಟದ ಮಾಲೀಕರ ಮಗುವೂ ಒಂದೇ ಗೆರೆ ಸೇರಿಸೋಕೆ ತಲೆ ತಗ್ಗಿಸಿ ಕೂತಿರ್ತಾರೆ. ನಂಗೆ ಇಡೀ ಕೆಲಸದಲ್ಲಿ ಇಷ್ಟದ ಭಾಗ ಇದೇ.

[ದೃಶ್ಯ: ಹತ್ತಿರದಿಂದ, ಲೋಟಕ್ಕೆ ಪುಡಿ ಹಾಕಿ ಕಲಕುವುದು.]

ಈಗ ಬಣ್ಣ. ಮನೆಯ ಫಿಲ್ಟರ್ ಕಾಫಿ ಪುಡಿ ಇದಕ್ಕೆ ಆಗಲ್ಲ, ಚರಟ ಕಾಗದದ ಮೇಲೆ ಕೂರುತ್ತೆ. ನೀರಲ್ಲಿ ಪೂರ್ತಿ ಕರಗೋ ಇನ್‌ಸ್ಟಂಟ್ ಪುಡಿ ಬೇಕು. ಕಾಫಿ ಬೆಳೆಗಾರರ ಮುಂದೆ ಇದನ್ನ ಹೇಳೋಕೆ ಸ್ವಲ್ಪ ಸಂಕೋಚ, ಆದ್ರೂ ಹೇಳಬೇಕು. ಒಂದು ಟೀ ಚಮಚ ಪುಡಿಗೆ ಒಂದು ದೊಡ್ಡ ಚಮಚ ಬಿಸಿನೀರು ಹಾಕಿದ್ರೆ ಕಡು. ಅಷ್ಟೇ ಪುಡಿಗೆ ನಾಲ್ಕು ದೊಡ್ಡ ಚಮಚ ನೀರು ಹಾಕಿದ್ರೆ ಮಧ್ಯಮ. ಮಧ್ಯಮಕ್ಕೆ ಅದರ ಎರಡರಷ್ಟು ನೀರು ಸೇರಿಸಿದ್ರೆ ತೆಳು. ಇಡೀ ತರಗತಿಗೆ ಒಂದೇ ಸಲ ಕಲಸಿ ಹಂಚಿ. ಸಕ್ಕರೆ ಹಾಕಿದ ಕಾಫಿ ಮಾತ್ರ ತರಬೇಡಿ, ಇರುವೆಗಳಿಗೆ ಔತಣ ಆಗುತ್ತೆ.

[ದೃಶ್ಯ: ಒಂದೇ ಚೌಕ, ತುಂಬ ಹತ್ತಿರದಿಂದ. ಬ್ರಷ್ ಗೆರೆಯ ಮೇಲೆ ಹರಿಯುತ್ತದೆ.]

ಮಂಜು ಬರೋದು ಹೇಗೆ ಅಂತ ನಿಧಾನವಾಗಿ ನೋಡಿ. ಬೆಟ್ಟದ ತುದಿಗೆರೆ ಉದ್ದಕ್ಕೂ ಮಧ್ಯಮ ಕಾಫಿ ಒಂದು ಪಟ್ಟಿ ಎಳೀತೀನಿ. ಮೇಲಂಚು ಚೊಕ್ಕವಾಗಿ ಇರಲಿ. ಅದು ಒಣಗೋಕೆ ಮೊದಲೇ ಬ್ರಷ್ ತೊಳೆದು, ಬರೀ ನೀರು ಹಿಡಿದ ಬ್ರಷ್‌ನಿಂದ ಪಟ್ಟಿಯ ಕೆಳಗಿನ ಅಂಚನ್ನ ಮುಟ್ಟಿ ಕೆಳಕ್ಕೆ ಎಳೀತೀನಿ. ನೋಡಿ, ಕಾಫಿ ನೀರಿನ ಹಿಂದೆ ಇಳಿದು ಬರ್ತಾ ಇದೆ. ಇಳೀತಾ ಇಳೀತಾ ತೆಳ್ಳಗಾಗಿ ಬಿಳಿ ಕಾಗದದಲ್ಲಿ ಸೇರಿಹೋಯ್ತು. ಅಷ್ಟೇ ಮಂಜು. ಪೂರ್ತಿ ಒಣಗಿದ ಮೇಲೆ ಅದರ ಮುಂದಿನ ಬೆಟ್ಟ, ಸ್ವಲ್ಪ ಕಡು ಕಾಫಿಯಲ್ಲಿ. ನಾಲ್ಕನೇ ಕ್ಲಾಸಿನ ಮಕ್ಕಳೂ ಎರಡು ಚೂರು ಪಟ್ಟಿ ಮೇಲೆ ಆಡಿದ್ರೆ ಕಲೀತಾರೆ.

ಕಪ್ಪು ಬೇಕು ಅಂತ ಮಕ್ಕಳು ಕಡು ಕಾಫಿಯನ್ನ ಪಾಯಸದ ಹಾಗೆ ದಪ್ಪಗೆ ಬಳೀತಾರೆ. ದಪ್ಪ ಕಾಫಿ ಒಣಗಿದ್ರೂ ಅಂಟಂಟು. ನಮ್ಮ ಹವಾಮಾನದಲ್ಲಿ ಗಾಳಿಯ ತೇವ ಎಳೆದುಕೊಂಡು ಮತ್ತೆ ಮೆತ್ತಗಾಗುತ್ತೆ, ಬೂಷ್ಟು ಹಿಡಿಯೋಕೂ ಅದೇ ದಾರಿ. ತೆಳುವಾಗಿ ಎರಡು ಮೂರು ಸಲ ಬಳಿಯೋದೇ ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಅರ್ಧ ದಿನ ಮಳೆ ರಜೆ, ಉಳಿದ ಅರ್ಧ ದಿನ ಯೂನಿಫಾರ್ಮೇ ಒಣಗಲ್ಲ, ಚಿತ್ರ ಎಲ್ಲಿ ಒಣಗುತ್ತೆ? ನವೆಂಬರ್ ಒಳ್ಳೇದು. ನಮ್ಮ ಸುಗ್ಗಿ ಹಬ್ಬ ಪುತ್ತರಿ ಹೊತ್ತಿಗೆ ಚೌಕಗಳು ಮುಗಿದಿದ್ರೆ ವಾರ್ಷಿಕೋತ್ಸವಕ್ಕೆ ಆರಾಮ.

[ದೃಶ್ಯ: ಪ್ಲೈವುಡ್ ಮೇಲೆ ಚೌಕಗಳ ಜೋಡಣೆ.]

ಅಂಟಿಸೋಕೆ 40 ಇಂಚು, 34 ಇಂಚಿನ ಪ್ಲೈವುಡ್. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಅಗ್ಗ, ಆದ್ರೆ ಮಳೆಗಾಲದಲ್ಲಿ ಊದುತ್ತೆ. ಫೆವಿಕಾಲ್ ತೆಳ್ಳಗೆ ಸವರಿ, ಮೇಲೆ ಬಿಳಿ ಹಾಳೆ ಹಾಸಿ, ಪುಸ್ತಕ ಹೇರಿ ಒಂದು ರಾತ್ರಿ ಬಿಡಿ. ಚೌಕಗಳ ನಡುವೆ ಎರಡು ಮೂರು ಮಿಲಿಮೀಟರ್ ಸಂದು ಬಿಟ್ಟರೆ ಕತ್ತರಿಸಿದ್ದರ ಓರೆಕೋರೆ ಮುಚ್ಚಿಹೋಗುತ್ತೆ. ಬೆಟ್ಟದ ಗೆರೆ ಒಂದು ಚೌಕದಿಂದ ಇನ್ನೊಂದಕ್ಕೆ ಹೋಗುವಾಗ ಅರ್ಧ ಇಂಚು ಜಾರಿರುತ್ತೆ, ಜಾರಲಿ. ಗಿರಾಕಿಗೆ ಇಷ್ಟ ಆಗೋದೇ ಅದು.

ಕೊನೇ ಸಾಲಿನ ಕಾಫಿ ಕೊಂಬೆ ಇದೆಯಲ್ಲ, ಅದರ ಸುತ್ತ ತೆಳು ಕಾಫಿ ಮಾತ್ರ ಇರಲಿ. ಈಗ ಎಲ್ಲ ಮಕ್ಕಳೂ ಒಬ್ಬೊಬ್ಬರಾಗಿ ಬಂದು ಕೆಂಪು ಅಕ್ರಿಲಿಕ್‌ನಲ್ಲಿ ಹೆಬ್ಬೆರಳು ಅದ್ದಿ ಒಂದೊಂದು ಹಣ್ಣು ಒತ್ತಬೇಕು. ಚೆರ್ರಿ ಥರ ತೊಟ್ಟಿಂದ ನೇತಾಡೋ ಹಾಗಲ್ಲ. ಕಾಫಿ ಹಣ್ಣು ಗೆಣ್ಣಿಗೆ ಅಂಟಿಕೊಂಡು ಗುಂಪಾಗಿ ಬಿಡುತ್ತೆ, ಎರಡು ಎಲೆ ಎದುರುಬದುರು ಇರೋ ಜಾಗದಲ್ಲಿ. ಇದನ್ನ ನೀವು ಹೇಳಿಕೊಡಬೇಕಾಗಿಲ್ಲ, ತೋಟದ ಮಕ್ಕಳೇ ನಿಮಗೆ ಹೇಳ್ತಾರೆ.

ಮುಗಿದ ಮೇಲೆ ವಾರ್ನಿಷ್‌ಗೆ ಬ್ರಷ್ ಹಾಕಿದ್ರೋ ಕೆಟ್ಟಿರಿ. ಕಾಫಿ ನೀರಿಗೆ ಮತ್ತೆ ಕರಗುತ್ತೆ, ನೀರು ಬೆರೆತ ವಾರ್ನಿಷ್ ಇಡೀ ಬೆಟ್ಟವನ್ನ ಎಳೆದು ಒರೆಸಿಬಿಡುತ್ತೆ. ಬಣ್ಣ ಅಳಿಸದ ಹಾಗೆ ಹಿಡಿದಿಡೋ ಸ್ಪ್ರೇ ಫಿಕ್ಸೆಟಿವ್ ತನ್ನಿ, ಜಗಲಿಯಲ್ಲಿ ಮಕ್ಕಳನ್ನ ದೂರ ಕಳಿಸಿ ದೊಡ್ಡವರೇ ಎರಡು ಮೂರು ತೆಳು ಕೋಟ್ ಹೊಡೀರಿ. ಗಾಜು ಹಾಕಿಸೋದಾದ್ರೆ ಗಾಜು ಕಾಗದಕ್ಕೆ ತಾಗದ ಹಾಗೆ ನಡುವೆ ಪಟ್ಟಿ ಇಡೋಕೆ ಫ್ರೇಮಿನವರಿಗೆ ಹೇಳಿ. ಗಾಜು ಹಾಕೋ ಮೊದಲು, ನೆರಳಿನ ಬೆಳಕಲ್ಲಿ ಒಳ್ಳೆ ಫೋಟೋ ತೆಗೀರಿ. ಅದರಿಂದಲೂ ದುಡ್ಡು ಬರುತ್ತೆ, ಹೇಳ್ತೀನಿ.

[ದೃಶ್ಯ: ಬೈಲುಕುಪ್ಪೆ ಬೌದ್ಧ ಮಂದಿರದ ಹೊರನೋಟ.]

ಕುಶಾಲನಗರದಿಂದ ಕಾವೇರಿ ದಾಟಿದ್ರೆ ಬೈಲುಕುಪ್ಪೆ, ಟಿಬೆಟಿನವರು ನೆಲೆಸಿರೋ ಊರು. ಟಿಬೆಟಿನ ಬೌದ್ಧ ಸನ್ಯಾಸಿಗಳ ಸಂಪ್ರದಾಯದಲ್ಲಿ ಬಣ್ಣದ ಮರಳಿನಲ್ಲಿ ಮಂಡಲ ಮಾಡ್ತಾರೆ. ಹಲವರು ಸೇರಿ ದಿನಗಟ್ಟಲೆ ಒಂದೇ ಚಿತ್ರ, ಯಾರದೂ ಸಹಿ ಇಲ್ಲ. ಮುಗಿದ ಮೇಲೆ ಅಳಿಸಿ ಮರಳನ್ನ ನೀರಿಗೆ ಬಿಡ್ತಾರೆ. ನಮಗೆ ಅಷ್ಟು ವೈರಾಗ್ಯ ಸಾಧ್ಯವಿಲ್ಲ, ನಾವು ಮಾರ್ತೀವಿ.

[ದೃಶ್ಯ: ಶಾಲೆ ಅಂಗಳ, ಬೆಂಚಿನ ಮೇಲೆ ಚಿತ್ರ, ಪಕ್ಕದಲ್ಲಿ ಒಂದು ನೋಟ್‌ಬುಕ್.]

ಹಣ ಯಾತಕ್ಕೆ ಅಂತ ಮೊದಲೇ ಬೋರ್ಡ್ ಬರೆಸಿ. "ಶಾಲಾ ಅಭಿವೃದ್ಧಿಗೆ" ಅಂದ್ರೆ ಯಾರಿಗೂ ಏನೂ ಅನ್ನಿಸಲ್ಲ. "ಹನ್ನೆರಡು ಹಾಕಿ ಸ್ಟಿಕ್, ಒಂದು ಜೊತೆ ಗೋಲ್‌ಕೀಪರ್ ಪ್ಯಾಡ್" ಅನ್ನಿ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡಿದ ಜಿಲ್ಲೆ ಇದು, ಹಾಕಿ ಅಂದ್ರೆ ಕೈ ತಾನಾಗಿ ಜೇಬಿಗೆ ಹೋಗುತ್ತೆ.

ವೇದಿಕೆ ಮೇಲೆ ಮೈಕ್ ಹಿಡಿದು ಹರಾಜು ಕೂಗೋದು ನಂಗೆ ಅಷ್ಟು ಇಷ್ಟ ಇಲ್ಲ. ಇಬ್ಬರು ಮೂವರು ಅನುಕೂಲಸ್ಥರ ಪೈಪೋಟಿ, ಉಳಿದ ಅಪ್ಪ ಅಮ್ಮಂದಿರು ಚಪ್ಪಾಳೆಗೆ. ಅದರ ಬದಲು ಚಿತ್ರದ ಪಕ್ಕ ನೋಟ್‌ಬುಕ್ ಇಡಿ. ಬೇಕಾದವರು ಹೆಸರು, ಮೊತ್ತ ಬರೆದು ಹೋಗಲಿ, ಸಂಜೆ ಆರಕ್ಕೆ ಪುಸ್ತಕ ಮುಚ್ಚಿ. ಹೋಂಸ್ಟೇ ನಡೆಸೋರಿಗೆ, ಹಳೇ ವಿದ್ಯಾರ್ಥಿಗಳಿಗೆ ವಾರ ಮುಂಚೆ ಫೋಟೋ ಕಳಿಸಿ. ಕೂಲಿಗೆ ಹೋಗೋ ಅಮ್ಮನಿಗೂ ತನ್ನ ಮಗುವಿನ ಚೌಕ ಮನೆಗೆ ಒಯ್ಯಬೇಕು ಅನ್ನಿಸುತ್ತಲ್ಲ, ಅದಕ್ಕೆ ಆ ಫೋಟೋದಿಂದ ಕ್ಯಾಲೆಂಡರ್. ಉದಾಹರಣೆಗೆ ಅಚ್ಚಿಗೆ 60 ರೂಪಾಯಿ ಬಿದ್ದು, 100ಕ್ಕೆ ಮಾರಿ, 150 ಹೋದ್ರೆ 6,000 ರೂಪಾಯಿ ಕೈಯಲ್ಲಿ. ಎಷ್ಟೋ ಸಲ ಮೂಲ ಚಿತ್ರಕ್ಕಿಂತ ಇದೇ ಜಾಸ್ತಿ ತರುತ್ತೆ. ಕ್ಯಾಲೆಂಡರ್ ಹಿಂದೆ ಯಾವ ಚೌಕ ಯಾರದು ಅಂತ ಚಿಕ್ಕ ನಕ್ಷೆ ಇರಲಿ, ಹೆಸರು ಮಾತ್ರ, ಅದೂ ಮನೆಯವರು ಒಪ್ಪಿದ್ರೆ.

ಟಿಕೆಟ್ ಮಾರಿ ಚೀಟಿ ಎತ್ತಿ ಚಿತ್ರ ಕೊಡೋ ಯೋಚನೆ ಬೇಡ. ರಾಜ್ಯದಲ್ಲಿ 2007ರಲ್ಲೇ ಲಾಟರಿ ನಿಷೇಧ ಆಗಿದೆ, ಶಾಲೆ ಹೆಸರಲ್ಲಿ ಆ ತಲೆನೋವು ಯಾಕೆ? ಸರ್ಕಾರಿ ಶಾಲೆ ಆದ್ರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದ್ರೆ ಎಸ್‌ಡಿಎಂಸಿ ಸಭೆಯಲ್ಲಿ ಮೊದಲೇ ನಿರ್ಣಯ ಬರೆಸಿ, ಪ್ರತಿ ರೂಪಾಯಿಗೂ ರಸೀದಿ ಕೊಡಿ, ಹಣ ಖಾತೆಗೆ ಹೋಗಲಿ.

ಕೊಂಡವರಿಗೂ ಒಂದು ಚೀಟಿ ಕೊಡಿ: ನೇರ ಬಿಸಿಲು ಬೀಳೋ ಗೋಡೆ ಬೇಡ, ಕಾಫಿ ಬಣ್ಣ ಮಾಸುತ್ತೆ. ಫ್ರೇಮ್ ಹಿಂದೆ ನಾಲ್ಕು ಮೂಲೆಗೆ ಬಿರಡೆ ಅಂಟಿಸಿ, ಮಳೆಗಾಲದಲ್ಲಿ ಗೋಡೆಯ ತೇವ ಚಿತ್ರಕ್ಕೆ ತಾಗಲ್ಲ.

[ದೃಶ್ಯ: ಉದ್ದನೆಯ ಚಿತ್ರ, ಮೂರು ಸಾಲು ಚೌಕ.]

ನಮ್ಮ ಶಾಲೆಯಲ್ಲಿ ಮೂವತ್ತು ಮಕ್ಕಳೆಲ್ಲಿದ್ದಾರೆ ಅಂತ ಕೇಳೋರು ಬಹಳ ಜನ ಇದ್ದೀರಿ. ಹದಿನೇಳು ಇದ್ರೆ ಹದಿನೆಂಟು ಚೌಕ ಮಾಡಿ, ಸಾಲಿಗೆ ಆರು, ಮೂರು ಸಾಲು. ಬೆಟ್ಟದ ಸಾಲಿಗೆ ಆ ಉದ್ದನೆಯ ಆಕಾರ ಇನ್ನೂ ಚೆನ್ನಾಗಿ ಒಪ್ಪುತ್ತೆ. ಉಳಿದ ಒಂದು ಚೌಕ ಬಿಸಿಯೂಟದ ಅಕ್ಕನಿಗೆ ಕೊಡಿ. ಹನ್ನೊಂದೇ ಮಕ್ಕಳಾದ್ರೆ ಹನ್ನೆರಡನೆಯದು ಅವರಿಗೇ. ನಿಮ್ಮ ತರಗತಿಯಲ್ಲಿ ಎಷ್ಟು ಮಕ್ಕಳು, ಅಂಗಳದಿಂದ ಯಾವ ಬೆಟ್ಟ ಕಾಣುತ್ತೆ ಅಂತ ಕಾಮೆಂಟ್‌ನಲ್ಲಿ ಬರೀರಿ, ಎಷ್ಟು ಸಾಲು, ಎಷ್ಟು ಹಾಳೆ ಅಂತ ಲೆಕ್ಕ ಹಾಕಿ ಹೇಳ್ತೀವಿ.