ಮನೆಗೆ ಬರುವ ತಂತಿ ಯಾರದ್ದು?

ಕೇಳುಗರಿಗೆ ನಮಸ್ಕಾರ.

ಇಂಟರ್ನೆಟ್ ಕಂಪನಿಗಳಿಗೆ ಬೆಲೆ ಕಟ್ಟುವ ವಿಶ್ಲೇಷಕರ ಮಾತು ಪೇಪರಿನಲ್ಲಿ ಆಗಾಗ ಬರುತ್ತದೆ. ಇಷ್ಟು ಲಕ್ಷ ಗಿರಾಕಿಗಳಿದ್ದಾರೆ, ಷೇರು ಏರುತ್ತದೆ ಅನ್ನುತ್ತಾರೆ. ಮನೆಯೊಳಗೆ ಬರುವ ತಂತಿ ಯಾರದ್ದು ಅಂತ ಕೇಳುವವರು ಕಮ್ಮಿ. ಇಂಥ ಮಾತು ನಂಬಿ ರಿಟೈರ್ಮೆಂಟ್ ದುಡ್ಡು ಹಾಕುವವರು ನಮ್ಮ ಮೈಸೂರಿನಲ್ಲೂ ಇದ್ದಾರೆ. ನನಗೆ ಸಂಕಟವಾಗುವುದು ಅದಕ್ಕೇ.

ಅಮೆರಿಕದಲ್ಲಿ ಆದದ್ದು ನೋಡಿ. 2000ದ ಜನವರಿಯಲ್ಲಿ ಮನೆಗಳಿಗೆ ಇಂಟರ್ನೆಟ್ ಕೊಡುತ್ತಿದ್ದ ಎಒಎಲ್ ಕಂಪನಿ, ಸಿನಿಮಾ, ಪತ್ರಿಕೆಗಳ ಜೊತೆ ಕೇಬಲ್ ಜಾಲವೂ ಇದ್ದ ಟೈಮ್ ವಾರ್ನರನ್ನು ಕೊಳ್ಳುವುದಾಗಿ ಸಾರಿತು. ಎಒಎಲ್ ಬೆಳೆದದ್ದು ಫೋನ್ ಲೈನಿನ ಮೇಲೆ. ಅದರಲ್ಲಿ ಯಾವ ಇಂಟರ್ನೆಟ್ ಕಂಪನಿಯ ನಂಬರನ್ನಾದರೂ ತಿರುಗಿಸಬಹುದಿತ್ತು. ಕೇಬಲ್ ಹಾಗಲ್ಲ. ಎಳೆದವರು ಒಪ್ಪಿದರಷ್ಟೇ ಬೇರೆಯವರಿಗೆ ದಾರಿ. ದಾರಿ ಬಿಡಲೇಬೇಕು ಎಂಬ ವಾದ ಕೋರ್ಟಿನವರೆಗೂ ಹೋಯಿತು. 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕೇಬಲ್ ಕಂಪನಿಗಳಿಗೆ ಅನುಕೂಲವಾಗುವ ತೀರ್ಪು ಕೊಟ್ಟಿತು. ಅಷ್ಟರಲ್ಲಿ, 2002ರ ಲೆಕ್ಕದಲ್ಲೇ, ಎಒಎಲ್ ಟೈಮ್ ವಾರ್ನರ್ ಹತ್ತಿರ ಹತ್ತಿರ 9,900 ಕೋಟಿ ಡಾಲರ್ ನಷ್ಟ ತೋರಿಸಿತ್ತು. ಅದರಲ್ಲಿ ಬಹುಪಾಲು, ಮೊದಲು ಜಾಸ್ತಿ ಕಟ್ಟಿದ್ದ ಬೆಲೆಯನ್ನು ಇಳಿಸಿ ಬರೆದದ್ದು.

ನಮ್ಮಲ್ಲೂ ಕೇಬಲ್ ಟಿವಿ ಇರುವ ಮನೆಗಳನ್ನೆಲ್ಲ ಎಣಿಸಿ, ಇವರೆಲ್ಲ ನಾಳೆ ಇಂಟರ್ನೆಟ್ ಗಿರಾಕಿಗಳು ಅಂದುಬಿಡುವುದು ಸುಲಭ. ಆದರೆ ಟಿವಿಗೆಂದು ಎಳೆದ ಹಳೇ ಕೇಬಲ್ಲಿನಲ್ಲಿ ಚಿತ್ರ ಮನೆಗೆ ಬರುತ್ತಿತ್ತು, ಮನೆಯಿಂದ ಏನೂ ವಾಪಸ್ ಹೋಗುತ್ತಿರಲಿಲ್ಲ. ಸಿಗ್ನಲ್ಲಿಗೆ ಬಲ ಕೊಡುವ ಕಂಬದ ಮೇಲಿನ ಆಂಪ್ಲಿಫೈಯರು ಒಂದೇ ಕಡೆಗೆ ತಳ್ಳುತ್ತಿತ್ತು. ಇಂಟರ್ನೆಟ್ಟಿಗೆ ಎರಡೂ ಕಡೆ ಓಡಾಟ ಬೇಕಲ್ವಾ? ಅದನ್ನೆಲ್ಲ ಬದಲಾಯಿಸುವ ಖರ್ಚು ಯಾರು ಹಾಕಬೇಕು?

ಈಗ ಫೈಬರ್, ಅಂದರೆ ಗಾಜಿನ ಎಳೆಯ ಲೈನು, ಬಂದಿದೆ. ಮಂಡ್ಯದ ಕಡೆ ಎತ್ತರಕ್ಕೆ ಕಬ್ಬು ಹೇರಿದ ಲಾರಿ ಜೋತುಬಿದ್ದ ಲೈನಿಗೆ ಸಿಕ್ಕಿತು ಅಂದರೆ ಬೀದಿಗೆ ಬೀದಿಯೇ ಆಫ್. ಮನೆಯ ಡಬ್ಬಿಯಲ್ಲಿ ಕೆಂಪು ದೀಪ ಮಿಣುಕುತ್ತದೆ. ಆಗ ಏಣಿ ಹಾಕಿ ಹತ್ತುವವರು ಕೇಬಲ್ ಹುಡುಗರೇ. ಕೂದಲೆಳೆಯಂಥ ಗಾಜಿನ ತುದಿ ಒರೆಸಿ, ಸಮವಾಗಿ ಕತ್ತರಿಸಿ, ಮೆಷಿನ್ನಿನಲ್ಲಿಟ್ಟು ಬೆಸೆಯುತ್ತಾರೆ. ದೀಪ ಹಸಿರಾಗುವ ತನಕ ಇಳಿಯುವುದಿಲ್ಲ. ಕಂಪನಿಯ ಗಿರಾಕಿ ಉಳಿಯುವುದು ಈ ಕೆಲಸದಿಂದ. ಇದು ಯಾವ ವರದಿಯಲ್ಲಿ ಬರುತ್ತದೆ ಹೇಳಿ?

ಮೊಬೈಲ್ ಡೇಟಾ ಅಗ್ಗವಾದಾಗ ಕೇಬಲ್‌ನವರ ಕತೆ ಮುಗಿಯಿತು ಎಂಬ ಮಾತು ಕೇಳಿದ್ದೇವೆ. ಆದರೆ ಬಿಎಸ್ಎನ್ಎಲ್ ಕೂಡ ಎಷ್ಟೋ ಕಡೆ ಮನೆಗಳಿಗೆ ಫೈಬರ್ ಕೊಡುತ್ತಿರುವುದು ಊರಿನ ಕೇಬಲ್‌ನವರ ಮೂಲಕವೇ, ಆದಾಯದಲ್ಲಿ ಪಾಲು ಕೊಟ್ಟು. ಹಾಗಾಗಿ ಷೇರು ಕೊಳ್ಳುವ ಮುಂಚೆ, ಗಿರಾಕಿ ಕೊಟ್ಟ ತಿಂಗಳ ದುಡ್ಡಿನಲ್ಲಿ ತಂತಿ ಎಳೆದವರಿಗೆ ಎಷ್ಟು ಹೋಗುತ್ತದೆ ಅಂತ ದಯವಿಟ್ಟು ವಿಚಾರಿಸಿ.

ನಮಸ್ಕಾರ.