ಕಾದು ಕುಳಿತವರ ವರ್ಷ

ಕೇಳುಗರೆಲ್ಲರಿಗೂ ನಮಸ್ಕಾರ.

2025ರ ಫೆಬ್ರವರಿ 21ರ ಬೆಳಿಗ್ಗೆ ನಾನು ನಮ್ಮ ಶಾಲೆಯ ಮೈದಾನದ ಅಂಚಿನಲ್ಲಿ, ಗೇರುಮರದ ನೆರಳಲ್ಲಿ ನಿಂತಿದ್ದೆ. ಎಂಟನೇ ಕ್ಲಾಸಿನ ಆಟದ ಪೀರಿಯಡ್. ಆದರೆ ಯಾರೂ ಆಡುತ್ತಿರಲಿಲ್ಲ. ಎಲ್ಲರೂ ನನ್ನ ಮೊಬೈಲಿನ ಸುತ್ತ ಸೇರಿದ್ದರು. ಹುಡುಗರು ಎದುರಿಗೆ, ಹುಡುಗಿಯರು ಅವರ ಹೆಗಲ ಮೇಲಿಂದ ಇಣುಕುತ್ತಾ.

ಅಹಮದಾಬಾದಿನಲ್ಲಿ ರಾಜ್ಯ ತಂಡಗಳ ಕ್ರಿಕೆಟ್ ಕೂಟವಾದ ರಣಜಿಯ ಸೆಮಿಫೈನಲ್ ನಡೆಯುತ್ತಿತ್ತು. ಕೇರಳದ ಮೊದಲ ಇನಿಂಗ್ಸ್ 457. ಗುಜರಾತ್ 455ಕ್ಕೆ ಬಂದು ನಿಂತಿದೆ, ಕೈಯಲ್ಲಿ ಒಂದೇ ವಿಕೆಟ್. ಪಂದ್ಯ ಹೇಗೂ ಡ್ರಾ ಆಗುತ್ತದೆ, ಮೊದಲ ಇನಿಂಗ್ಸಿನಲ್ಲಿ ಮುಂದಿದ್ದವರಿಗೆ ಫೈನಲ್. ಸರ್ವಟೆ ಎಸೆದ ಚೆಂಡನ್ನು ನಾಗವಾಸ್‌ವಾಲಾ ಬಲವಾಗಿ ಬೀಸಿದರು. ಚೆಂಡು ಶಾರ್ಟ್ ಲೆಗ್‌ನಲ್ಲಿದ್ದ ಸಲ್ಮಾನ್ ನಿಜಾರ್ ಅವರ ಹೆಲ್ಮೆಟ್ಟಿಗೆ ಬಡಿದು ಮೇಲಕ್ಕೆ ಹಾರಿತು. ಸ್ಲಿಪ್‌ನಲ್ಲಿದ್ದ ನಾಯಕ ಸಚಿನ್ ಬೇಬಿ ಕೈಯೊಡ್ಡಿ ಹಿಡಿದರು. ಎರಡೇ ಎರಡು ರನ್ನಿನ ಮುನ್ನಡೆ! ಅದರ ಹಿಂದಿನ ಕ್ವಾರ್ಟರ್ ಫೈನಲಿನಲ್ಲಿ ಜಮ್ಮು ಕಾಶ್ಮೀರದ ಎದುರು ಸಿಕ್ಕಿದ್ದು ಒಂದು ರನ್ನಿನ ಮುನ್ನಡೆ. ಹೀಗೆ ಒಂದು, ಎರಡು ಎಂದು ರನ್ನು ಹೆಕ್ಕಿಕೊಂಡು ಕೇರಳ ಮೊಟ್ಟಮೊದಲ ಸಲ ರಣಜಿ ಫೈನಲ್ ಮುಟ್ಟಿತು.

ಆ ಗೇರುಮರದ ಕೆಳಗೆ ಎದ್ದ ಬೊಬ್ಬೆಯಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ ಎಲ್ಲ ಕಲಸಿಹೋಗಿತ್ತು. ಯಾಕೆ ಅಂತ ಕಾಸರಗೋಡಿನವರಿಗೆ ಹೇಳಬೇಕಾಗಿಲ್ಲ. ಆ 457ರಲ್ಲಿ 177 ರನ್ನು ನಮ್ಮ ತಳಂಗರೆಯ ಮೊಹಮ್ಮದ್ ಅಜರುದ್ದೀನ್ ಅವರದ್ದು. ಔಟಾಗದೆ 177, ಎದುರಿಸಿದ್ದು 341 ಎಸೆತ. ಟೊಪ್ಪಿ ಹೊಲಿಯುವುದಕ್ಕೆ ಹೆಸರಾದ ಊರು ತಳಂಗರೆ. ಈಗ ಆ ಹೆಸರಿನ ಜೊತೆಗೆ ಈ ಇನಿಂಗ್ಸೂ ಸೇರಿತು. ಇದೇ ಅಜರುದ್ದೀನ್ 2021ರಲ್ಲಿ ವಾಂಖೆಡೆಯಲ್ಲಿ ಮುಂಬೈ ಎದುರು 54 ಎಸೆತಕ್ಕೆ 137 ಬಾರಿಸಿದವರು. ಹೊಡೆಯಲು ಗೊತ್ತಿರುವ ಕೈ ಹೊಡೆಯದೆ ತಡೆದು ನಿಲ್ಲುವುದು ಸಣ್ಣ ಮಾತಲ್ಲ. ನಾನು ಮಕ್ಕಳಿಗೆ ಆ 137ಕ್ಕಿಂತ ಈ 177ನ್ನೇ ಜಾಸ್ತಿ ಹೇಳುತ್ತೇನೆ.

ಫೈನಲ್ ನಾಗಪುರದಲ್ಲಿ. ವಿದರ್ಭ 379, ಕೇರಳ 342. ಸಚಿನ್ ಬೇಬಿ 98ಕ್ಕೆ ಔಟಾದರು. ಮೊದಲ ಇನಿಂಗ್ಸಿನ ಲೆಕ್ಕದಲ್ಲೇ ಬಂದ ಭಾಗ್ಯ ಅದೇ ಲೆಕ್ಕದಲ್ಲಿ ಹೋಯಿತು. ಬೇಸರ ಆಯಿತು, ನಿಜ. ಆದರೂ ಇಷ್ಟು ವರ್ಷ ಕಾದವರಿಗೆ ಬಾಗಿಲು ತೆರೆಯಿತಲ್ಲ.

2025 ಪೂರ್ತಿ ಹೀಗೇ ಇತ್ತು. ಜಗತ್ತಿನ ಎಲ್ಲೆಲ್ಲೋ ಕಾದು ಕುಳಿತವರ ಸರದಿ ಬಂದ ವರ್ಷ. ಫುಟ್‌ಬಾಲಿನಲ್ಲೇ ನೋಡಿ. ಇಂಗ್ಲೆಂಡಿನ ನ್ಯೂಕ್ಯಾಸಲ್ ತಂಡ ತನ್ನ ದೇಶದ ಒಂದು ಕಪ್ ಗೆಲ್ಲಲು 1955ರಿಂದ ಕಾದಿತ್ತು, ಮಾರ್ಚಿನಲ್ಲಿ ಲಿವರ್‌ಪೂಲ್ ತಂಡವನ್ನು ಸೋಲಿಸಿ ಗೆದ್ದಿತು. ಪ್ಯಾರಿಸ್ಸಿನ ಪಿ.ಎಸ್.ಜಿ. ಮೊದಲ ಬಾರಿ ಚಾಂಪಿಯನ್ಸ್ ಲೀಗ್ ಎತ್ತಿತು, ಅದೂ ಫೈನಲಿನಲ್ಲಿ ಐದು ಗೋಲು ಹೊಡೆದು.

ಆರ್‌ಸಿಬಿಯ ಮಾತು ಬಿಡಲಾದೀತೇ? ಗಡಿಯ ಈಚೆಗಿದ್ದರೂ ನಮ್ಮ ಮನೆಗಳಲ್ಲಿ "ಈ ಸಲ ಕಪ್ ನಮ್ದೇ" ಅನ್ನುವ ಕೂಗು ಎಷ್ಟೋ ಬೇಸಿಗೆ ಕೇಳಿತ್ತು. ಹದಿನೆಂಟನೆಯ ಸಲ, ಜೂನ್ 3ರ ರಾತ್ರಿ, ಪಂಜಾಬ್ ಎದುರು 6 ರನ್ನಿನಲ್ಲಿ ಕಪ್ ಬಂತು. ಕೊನೆಯ ಓವರಿನಲ್ಲೇ ಕೊಹ್ಲಿ ಕಣ್ಣು ತುಂಬಿಕೊಂಡು ನಿಂತಿದ್ದರು. ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಮೈದಾನದ ಹೊರಗೆ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ಸಂತೋಷ ಪಡಲು ಹೋದವರು ಮನೆಗೆ ಮರಳಲಿಲ್ಲ. ಆ ಕಪ್ಪಿನ ಚಿತ್ರ ಕಂಡಾಗಲೆಲ್ಲ ನನಗೆ ಅವರದೇ ನೆನಪು.

ಅದೇ ಜೂನಿನಲ್ಲಿ ಲಾರ್ಡ್ಸ್‌ನಲ್ಲಿ ದಕ್ಷಿಣ ಆಫ್ರಿಕಾ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 1998ರಲ್ಲಿ ಢಾಕಾದಲ್ಲಿ ಒಂದು ಕಪ್ ಗೆದ್ದ ಮೇಲೆ ಅವರಿಗೆ ಐಸಿಸಿಯ ಒಂದೂ ಕಪ್ ಸಿಕ್ಕಿರಲಿಲ್ಲ. ವಿಶ್ವ ಟೆಸ್ಟ್ ಫೈನಲಿನ ಮೊದಲ ಇನಿಂಗ್ಸಿನಲ್ಲಿ ಆಸ್ಟ್ರೇಲಿಯಾದ ಎದುರು 138ಕ್ಕೆ ಆಲೌಟ್. ಅಯ್ಯೋ, ಈ ಸಲವೂ ಅಷ್ಟೇ ಅಂದುಕೊಂಡೆವು. ಗೆಲ್ಲಲು 282 ಬೇಕಿತ್ತು. ಮಾರ್ಕ್ರಂ 136 ಹೊಡೆದರು. ನಾಯಕ ಬವುಮಾ ತೊಡೆಯ ಸ್ನಾಯು ಎಳೆದುಕೊಂಡು ಕುಂಟುತ್ತಾ 66 ಮಾಡಿದರು. ಒಂದೊಂದು ರನ್ನಿಗೂ ಅವರು ಕಾಲು ಎಳೆದುಕೊಂಡು ಓಡುವಾಗ ಇಲ್ಲಿ ನಮ್ಮ ಕಾಲು ನೋಯುತ್ತಿತ್ತು. ಐದು ವಿಕೆಟ್ ಉಳಿಸಿಕೊಂಡು ಗೆದ್ದರು.

ನೋವು ನುಂಗಿ ನಿಂತ ಇನ್ನೊಬ್ಬರು ಇಂಗ್ಲೆಂಡಿನ ಕ್ರಿಸ್ ವೋಕ್ಸ್. ಆಗಸ್ಟ್ 4, ಓವಲ್ ಮೈದಾನ. ಅವರ ಎಡಭುಜದ ಕೀಲು ತಪ್ಪಿತ್ತು. ಕೈಯನ್ನು ಸ್ವೆಟರಿನ ಒಳಗೆ ಕಟ್ಟಿಕೊಂಡು ಒಂದೇ ಕೈಯಲ್ಲಿ ಬ್ಯಾಟ್ ಹಿಡಿದು ಕೊನೆಯವರಾಗಿ ಬಂದರು. ಎದುರಾಳಿ ತಂಡದವರಾದರೂ ನಾನು ಎದ್ದು ನಿಂತು ಕೈ ತಟ್ಟಿದೆ. ಸಿರಾಜ್ ಆ ಇನಿಂಗ್ಸಿನಲ್ಲಿ ತಮ್ಮ ಐದನೆಯ ವಿಕೆಟ್ ಕಿತ್ತು ಭಾರತವನ್ನು 6 ರನ್ನಿನಲ್ಲಿ ಗೆಲ್ಲಿಸಿದರು. ಸರಣಿ 2-2.

ಓಟ, ಎಸೆತ, ಜಿಗಿತದ ವಿಷಯಕ್ಕೆ ಬಂದರೆ, ನೀರಜ್ ಚೋಪ್ರಾ ಮೇ ತಿಂಗಳಲ್ಲಿ ದೋಹಾದಲ್ಲಿ ಈಟಿ ಎಸೆತದಲ್ಲಿ ಕೊನೆಗೂ 90 ಮೀಟರ್ ದಾಟಿದರು. 90.23. ಅಲ್ಲಿ ಜರ್ಮನಿಯ ವೆಬರ್ ಅದಕ್ಕಿಂತ ಮುಂದೆ ಎಸೆದರು. ಸೆಪ್ಟೆಂಬರಿನಲ್ಲಿ ಟೋಕಿಯೋದ ವಿಶ್ವ ಕೂಟದಲ್ಲಿ ನೀರಜ್‌ಗೆ ಎಂಟನೇ ಸ್ಥಾನ. ಅದೇ ಟೋಕಿಯೋದಲ್ಲಿ ಸ್ವೀಡನ್ನಿನ ಡುಪ್ಲಾಂಟಿಸ್ ಕೋಲು ಊರಿ 6.30 ಮೀಟರ್ ಹಾರಿದರು. ಅದು ಅವರ 14ನೇ ವಿಶ್ವದಾಖಲೆ. ನಮ್ಮ ಕಡೆಯ ಹಂಚಿನ ಮನೆಯ ಮಾಡನ್ನು ದಾಟುವಷ್ಟು ಎತ್ತರ ಅದು.

ಜನವರಿಯಲ್ಲಿ ದೆಹಲಿಯಲ್ಲಿ ಖೋ ಖೋ ಆಟದ ಮೊದಲ ವಿಶ್ವಕಪ್ ನಡೆಯಿತು. ಗಂಡಸರು, ಹೆಂಗಸರು ಎರಡೂ ವಿಭಾಗದಲ್ಲಿ ಭಾರತವೇ ಗೆದ್ದಿತು, ಎರಡೂ ಫೈನಲಿನಲ್ಲಿ ಎದುರಾಳಿ ನೇಪಾಳ. ಶಾಲೆಯಲ್ಲಿ ಖೋ ಖೋ ಕಲಿಸುವವನಿಗೆ ಅದೊಂದು ಹಬ್ಬವೇ. ಜುಲೈಯಲ್ಲಿ ನಾಗಪುರದ 19 ವರ್ಷದ ದಿವ್ಯಾ ದೇಶಮುಖ್ ಚೆಸ್ಸಿನ ಮಹಿಳಾ ವಿಶ್ವಕಪ್ ಗೆದ್ದರು. ಫೈನಲಿನಲ್ಲಿ ಎದುರಿಗಿದ್ದವರು ನಮ್ಮವರೇ ಆದ ಕೊನೇರು ಹಂಪಿ.

ಇನ್ನು ನವೆಂಬರ್ 2, ಮಹಿಳಾ ಕ್ರಿಕೆಟ್ ವಿಶ್ವಕಪ್ಪಿನ ಫೈನಲ್.

ಅದಕ್ಕೆ ಮೂರು ದಿನ ಮೊದಲು ನವಿ ಮುಂಬೈಯಲ್ಲಿ ಸೆಮಿಫೈನಲಿನಲ್ಲಿ ಭಾರತದ ಎದುರು ಆಸ್ಟ್ರೇಲಿಯಾ 338 ಹೊಡೆದಿತ್ತು. ಮಹಿಳಾ ಒಂದು ದಿನದ ಪಂದ್ಯದಲ್ಲಿ ಅಷ್ಟನ್ನು ಯಾರೂ ಬೆನ್ನಟ್ಟಿ ಗೆದ್ದಿರಲಿಲ್ಲ. ಜೆಮಿಮಾ ರಾಡ್ರಿಗಸ್ ಔಟಾಗದೆ 127 ಮಾಡಿ ಗೆಲ್ಲಿಸಿದರು. ಲೀಗ್ ಹಂತದಲ್ಲಿ ಸಾಲಾಗಿ ಮೂರು ಪಂದ್ಯ ಸೋತ ತಂಡ ಅದು! ದಕ್ಷಿಣ ಆಫ್ರಿಕಾದ ಎದುರು ಫೈನಲಿನ ದಿನ ಮಳೆ, ಆಟ ಶುರುವಾಗುವಾಗ ಸಂಜೆ. ಮೊದಲು ತಂಡದಲ್ಲೇ ಇಲ್ಲದ ಶಫಾಲಿ ವರ್ಮಾ, ಗಾಯಗೊಂಡವರ ಜಾಗಕ್ಕೆ ಬಂದು 87 ರನ್ನು, ಎರಡು ವಿಕೆಟ್. ದೀಪ್ತಿ ಶರ್ಮಾ 58 ರನ್ನು, ಐದು ವಿಕೆಟ್. ಶತಕ ಹೊಡೆದ ಎದುರಾಳಿ ನಾಯಕಿ ವೋಲ್ವಾರ್ಟ್ ಅವರ ಕ್ಯಾಚು ಅಮನ್‌ಜೋತ್ ಕೈಯಲ್ಲಿ ಒಮ್ಮೆ ಜಾರಿತು, ಎರಡನೇ ಸಲ ಜಾರಿತು, ಮೂರನೇ ಸಲ ಬಿದ್ದು ಒಂದೇ ಕೈಯಲ್ಲಿ ಹಿಡಿದರು. ನಮ್ಮ ಮನೆಯ ಚಾವಡಿಯಲ್ಲಿ ಅಡಿಕೆ ಸುಲಿಯುತ್ತಾ ಕುಳಿತಿದ್ದ ನನ್ನ ಅಮ್ಮ ಕತ್ತಿ ಕೆಳಗಿಟ್ಟು "ಹಿಡಿದಳು ಮಗಳು" ಅಂದರು. ಅಮ್ಮನಿಗೆ ಕ್ರಿಕೆಟಿನ ನಿಯಮ ಗೊತ್ತಿಲ್ಲ. ಬೀಳುವ ವಸ್ತು ಹಿಡಿಯುವ ಕಷ್ಟ ಗೊತ್ತು. ಮಧ್ಯರಾತ್ರಿ ಕಳೆದ ಮೇಲೆ ಹರ್ಮನ್‌ಪ್ರೀತ್ ಹಿಂದಕ್ಕೆ ಓಡಿ ಕೊನೆಯ ಕ್ಯಾಚು ಹಿಡಿದರು. 52 ರನ್ನಿನ ಗೆಲುವು. 2005ರಲ್ಲಿ, 2017ರಲ್ಲಿ ಫೈನಲ್ ಸೋತ ತಂಡದ ಮಿಥಾಲಿ ರಾಜ್, ಝೂಲನ್ ಗೋಸ್ವಾಮಿ ಅವರನ್ನು ಈ ಹುಡುಗಿಯರು ಕರೆದು ಅವರ ಕೈಗೂ ಕಪ್ ಕೊಟ್ಟರು. ಅಲ್ಲಿ ನನಗೆ ತಡೆಯಲಾಗಲಿಲ್ಲ, ಕಣ್ಣು ಒರೆಸಿಕೊಂಡೆ.

ಮರುದಿನ ಸೋಮವಾರ. ಮಕ್ಕಳ ಕಣ್ಣಲ್ಲಿ ನಿದ್ದೆ. ಫೆಬ್ರವರಿಯಲ್ಲಿ ಹುಡುಗರ ಹೆಗಲ ಮೇಲಿಂದ ಇಣುಕಿದ್ದ ಹುಡುಗಿಯೊಬ್ಬಳು, ಈಗ ಒಂಬತ್ತನೇ ಕ್ಲಾಸು, ತೆಂಗಿನ ಮಡಲಿನ ಕೊತ್ತಳಿಂಗೆಯಲ್ಲಿ ಕೆತ್ತಿದ ಬ್ಯಾಟು ಹಿಡಿದು ಬಂದಿದ್ದಳು. ಹಿಡಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿದ್ದಳು. "ಸಾರ್, ಬಾಲ್ ಹಾಕ್ತೀರಾ?" ಅಂತ ಕೇಳಿದಳು. ಹಾಕಿದೆ. ಮೂರನೆಯ ಚೆಂಡು ಗೇರುಮರ ದಾಟಿತು.

ಈಗ ಪ್ರತಿ ಶನಿವಾರ ಬೆಳಿಗ್ಗೆ ಹನ್ನೆರಡು ಹುಡುಗಿಯರು ಬರುತ್ತಾರೆ. ಒಂದು ನಿಜವಾದ ಬ್ಯಾಟು ಬಂದಿದೆ. ಪ್ಯಾಡು ಒಂದೇ ಜೊತೆ, ಇಬ್ಬರು ಒಂದೊಂದು ಕಾಲಿಗೆ ಕಟ್ಟಿಕೊಳ್ಳುತ್ತಾರೆ. ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಪ್ಯಾಡು, ಗ್ಲೌಸು ಇದ್ದರೆ ನಿಮ್ಮ ಹತ್ತಿರದ ಶಾಲೆಗೆ ತಂದುಕೊಡಿ.

ನಮಸ್ಕಾರ.